ಇಲಿಯ ಕಥೆಗೆ ಹ್ಞೂಂಗುಟ್ಟುವ ಹಲೀಮಕ್ಕ

ಮಸ್ಕತ್ತಿನ ವಾದಿ ಕಬೀರ್‌ನ ಗ್ಯಾರೇಜುಗಳು ಇನ್ನೂ ಕಣ್ಣುಬಿಟ್ಟಿಲ್ಲ. ಶಾಲಾ ವ್ಯಾನಿನ ಆಯಾ ಹಲೀಮಾ ಅಷ್ಟರಲ್ಲೇ ಒಂದು ಮಕ್ಕಳ ಸೈನ್ಯದ ಮೂಗು ಒರೆಸಿ ಸೀಟಿಗೆ ಅಂಟಿಸಿದ್ದಾರೆ. ಅವರು "ಯಲ್ಲಾ, ಹೊರಡಿ!" ಎಂದು ಕೂಗಿದರೆ ರೂವಿಯಲ್ಲಿ ನಿಂತ ಬಸ್ಸುಗಳೂ ಹೊರಟುಬಿಡುತ್ತವೆ.

ಗಂಡ ತೀರಿಕೊಂಡ ಮೇಲೆ ಉಳ್ಳಾಲದ ಈ ಎದೆಗಾರ್ತಿ ಹಿಡಿದ ಕೆಲಸವಿದು. ಅವರನ್ನೂ ನಡುಗಿಸಿದವಳು ಐದು ವರ್ಷದ ಲಾದಿ. ತಾಯಿ ರಹ್ಮತು ನೈಜೀರಿಯಾದವರು, ಸಲೂನಿನಲ್ಲಿ ಜಡೆ ಹೆಣೆಯುತ್ತಾರೆ, ಮನೆಮಾತು ಹೌಸಾ. ಮಗು ತರಗತಿಯಲ್ಲಿ ತುಟಿ ಬಿಚ್ಚದು. ಹೀಗೇ ಆದರೆ ಬರುವ ತಿಂಗಳು ಬೇರೆ ಕಡೆ ಸೇರಿಸಿ ಎಂದು ಶಾಲೆ ಹೇಳಿಬಿಟ್ಟಿತ್ತು.

ವ್ಯಾನಿನಲ್ಲಿ ಮಾತ್ರ ದಿನವೂ ಒಂದೇ ಸೊಲ್ಲು: "ಗಾ ತಾ ನನ್, ಗಾ ತಾ ನನ್ ಕು." ಆಮೇಲೆ ಎಲ್ಲರ ಮುಖ ನೋಡಿ ಬಾಯಿ ಮುಚ್ಚುವಳು.

"ನಾನ್ ಬೇಕಂತೆ ಹಲೀಮಕ್ಕ, ಹಸಿವು ಪಾಪ," ಎಂದ ಚಾಲಕ ಗ್ಲಾಡ್ವಿನ್ ಬಿಸಿ ನಾನ್ ತಂದಿದ್ದೇ ತಂದಿದ್ದು. ಒಮಾನಿನ ಗೋಧಿಯೆಲ್ಲ ಮುಗಿಯಿತು, ಹುಡುಗಿ ಮುಟ್ಟಲಿಲ್ಲ.

ಒಂದು ಬೆಳಿಗ್ಗೆ ಯಾರದೋ ಶೂ ಲೇಸು ಕಟ್ಟುತ್ತಿದ್ದ ಹಲೀಮಾ, ಊರಲ್ಲಿ ಅಜ್ಜಿಯ ಕಥೆಗೆ ಹೇಳುತ್ತಿದ್ದಂತೆ, ತಲೆ ಎತ್ತದೆಯೇ "ಹ್ಞೂಂ" ಎಂದರು. ಅಷ್ಟೇ! ಶಾಲೆಯ ಗೇಟು ಬರುವವರೆಗೂ ಲಾದಿ ಉಸಿರು ತೆಗೆದುಕೊಳ್ಳದೆ ಮಾತಾಡಿದಳು. ಗ್ಲಾಡ್ವಿನ್ ಬ್ರೇಕ್ ಒತ್ತಿದ ರಭಸಕ್ಕೆ ಮಸ್ಕತ್ತಿನ ಬೆಟ್ಟಗಳು ಒಂದು ಹೆಜ್ಜೆ ಹಿಂದೆ ಸರಿದವು.

"ಲೇಸು ಕಟ್ಲಿಕ್ಕೇ ಮರೆತುಹೋಯ್ತು ಮಾರಾಯ್ರೆ," ಎನ್ನುತ್ತಾರೆ ಹಲೀಮಾ.

ಸಂಜೆ ವಿಷಯ ಕೇಳಿದ ರಹ್ಮತು ಗುಟ್ಟು ಬಿಚ್ಚಿದರು. ಆ ಸೊಲ್ಲು ಹೌಸಾ ಕಥೆಯ ಹೊಸ್ತಿಲು: 'ಇಗೋ, ಕಥೆ ಬಂತು.' ಕೇಳುವವರು 'ಬರಲಿ, ಕೇಳೋಣ' ಎನ್ನದೆ ಒಳಗೆ ಕಾಲಿಡುವಂತಿಲ್ಲ. ಓಗೊಡುತ್ತಿದ್ದ ಅಜ್ಜಿ ನೈಜೀರಿಯಾದ ಕಾನೋದಲ್ಲೇ ಉಳಿದಿದ್ದರು.

ಮರುದಿನ ಹಲೀಮಾ ಲಾದಿಯ ಟೀಚರ್ ಜೆನಿಟಾರನ್ನು ವ್ಯಾನಿಗೇ ಹತ್ತಿಸಿದರು. "ನೀವೊಮ್ಮೆ ಹ್ಞೂಂ ಹೇಳಿ ಟೀಚರ್, ಮತ್ತೆ ನೋಡಿ." ಟೀಚರ್ ಹೇಳಿದರು, ಲಾದಿ ತೆರೆದ ಬಾಯಿ ಮುಚ್ಚಲು ಮಧ್ಯಾಹ್ನವಾಯಿತು. ಬೇರೆ ಶಾಲೆಯ ಮಾತು ಖಲಾಸ್.

ಮೊದಮೊದಲು ಲಾದಿಯದು ಇಲಿ ಬಂತು, ತಿಂತು, ಓಡಿತು, ಅಷ್ಟೇ ಕಥೆ. ಈಗ ಇಲಿ ಯಾಕೆ ಬಂತು, ಬೆಕ್ಕಿಗೆ ಯಾವ ಸುಳ್ಳು ಹೇಳಿತು, ಎಲ್ಲ ಉಂಟು ಎಂದು ರಹ್ಮತು ಬಿಡಿಸಿ ಹೇಳುತ್ತಾರೆ. ಬೆಕ್ಕಿಗೊಂದು ದನಿ, ಇಲಿಗೊಂದು ದನಿ. ಬೆಕ್ಕು ಗುರುಗುಟ್ಟಿದರೆ ಮತ್ರಾ ಬಂದರಿನ ಮೀನುಗಳೂ ತಳ ಸೇರುತ್ತವೆ.

"ನಿಮಗೆ ಹೌಸಾ ಬರ್ತದಾ?" ಎಂದರೆ ಹಲೀಮಾ ನಗುತ್ತಾರೆ. "ಎಂತದೂ ಬರುದಿಲ್ಲ. ನಿನ್ನೆ ಇಲಿಗೆ ಪೆಟ್ಟು ಬೀಳುವಾಗ ಹ್ಞೂಂ ಹೇಳಿ ಬೈಸಿಕೊಂಡೆ."

ಆಸೆ ಏನಾದರೂ?

"ಈ ಶಾಲೆ ಸ್ವಲ್ಪ ದೂರ ಇರ್ಬೇಕಿತ್ತು. ಕಥೆ ಮುಗಿಯುವ ಮೊದ್ಲೇ ಗೇಟು ಬರ್ತದೆ."