ಆತಿಯಾ ಮನೆಯ ಮದುವೆ ಪೆಟ್ಟಿಗೆ

ಕೆ.ಆರ್. ಪೇಟೆಯ ಸಂತೆಯಲ್ಲಿ ತರಕಾರಿ ಕೊಳ್ಳುವಾಗ ಆತಿಯಾ ಯಾರ್‍ಯಾರನ್ನೋ ನೋಡಿ ತನ್ನಷ್ಟಕ್ಕೇ ನಗುವುದುಂಟು. ಅವರಿಗೆ ಇವಳ ಗುರುತಿರುವುದಿಲ್ಲ. ಇವಳಿಗೆ ಮಾತ್ರ ಅವರೆಲ್ಲ ಚೆನ್ನಾಗಿ ಗೊತ್ತು. ಹಾರ ಹಾಕುವ ಹೊತ್ತಿಗೆ ಸರಿಯಾಗಿ ಸೀನಿದ ಮದುಮಗ, ಎರಡು ಪಂಕ್ತಿಯಲ್ಲೂ ಕೂತು ಪಾಯಸ ಹೊಡೆದ ಸೋದರಮಾವ, ಕ್ಯಾಮೆರಾ ತಿರುಗಿದಾಗಲೆಲ್ಲ ಸೆರಗು ಸರಿಮಾಡಿಕೊಂಡ ನಾದಿನಿ. ಗಂಡ ಅಮೀರ್ ಮದುವೆಗಳಿಗೆ ಹೋಗಿ ವಿಡಿಯೋ ತೆಗೆಯುತ್ತಾನೆ. ಮನೆಯಲ್ಲಿ ಕೂತು ಅದನ್ನು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸುವವಳು ಆತಿಯಾ. ಒಬ್ಬ ಮದುಮಗನ ಸೀನನ್ನು ನೂರು ಸಲ ನೋಡಿದ ಮೇಲೆ ಅವನು ಅಪರಿಚಿತನಾಗಿ ಉಳಿಯುವುದು ಹೇಗೆ?

ಈ ಮದುವೆಗಳೆಲ್ಲ, ಮನೆಯವರಿಗೆ ಕೊಟ್ಟದ್ದೂ ಕತ್ತರಿಸಿ ಉಳಿಸಿದ್ದೂ, ನಡುಮನೆಯ ಗೂಡಿನಲ್ಲಿರುವ ಕಪ್ಪು ಪೆಟ್ಟಿಗೆಯೊಂದರಲ್ಲಿವೆ. ಅದರೊಳಗೆ ನಾಲ್ಕು ಹಾರ್ಡ್ ಡಿಸ್ಕುಗಳು. ಒಂದು ಕೆಟ್ಟರೆ ಉಳಿದ ಮೂರು ಸೇರಿ ಅದರ ಪಾಲನ್ನು ಹೊಸದಕ್ಕೆ ತುಂಬಿಕೊಡುತ್ತವೆ. ಒಟ್ಟಿಗೆ ಎರಡು ಕೆಟ್ಟರೆ ಎಲ್ಲ ಮದುವೆಗಳೂ ಹೋದಂತೆ. ಅತ್ತೆ ಮೆಹಬೂಬ್ ಬೀ ಅದಕ್ಕೆ ಮದುವೆ ಪೆಟ್ಟಿಗೆ ಎಂದು ಹೆಸರಿಟ್ಟು, ಧೂಳು ಕೂರದಂತೆ ತಾವೇ ಹೆಣೆದ ಬಟ್ಟೆ ಹೊದಿಸುತ್ತಾರೆ. ಅದಕ್ಕೆ ಸೆಕೆಯಾಗುತ್ತದೆಂದು ಆತಿಯಾ ತೆಗೆಯುತ್ತಾಳೆ. ಅತ್ತೆ ಮತ್ತೆ ಹೊದಿಸುತ್ತಾರೆ.

ಒಂದು ಬೆಳಗ್ಗೆ ಮನೆಯೊಳಗೆ ಏನೋ ಕುಂಯ್‌ಗುಟ್ಟತೊಡಗಿತು.

"ಬೇಟಿ, ಫ್ರಿಜ್ಜಿನ ಬಾಗ್ಲು ತೆಗ್ದಿಟ್ಟಿದ್ದೀಯಾ?" ಎಂದರು ಮೆಹಬೂಬ್ ಬೀ. ಫ್ರಿಜ್ಜು ನೋಡಿದರು, ಫೋನು ನೋಡಿದರು, ಅಟ್ಟದ ಮೇಲೆ ಬೆಕ್ಕು ಮರಿ ಹಾಕಿದೆಯೇ ಎಂದೂ ನೋಡಿದರು. ಕೊನೆಗೆ ಹೆಣೆದ ಬಟ್ಟೆ ಎತ್ತಿದರೆ, ಕೂಗುತ್ತಿದ್ದದ್ದು ಪೆಟ್ಟಿಗೆ. ಕಂಪ್ಯೂಟರಿನ ಪರದೆ 'ಡಿಸ್ಕು ನಂಬರ್ ಮೂರು ಕೆಡುತ್ತಿದೆ' ಎಂದು ಕೆಂಪಕ್ಷರದಲ್ಲಿ ಹೇಳಿತು. ಆತಿಯಾ ಕೆಲಸವನ್ನೆಲ್ಲ ನಿಲ್ಲಿಸಿ ಹೊಸ ಡಿಸ್ಕು ತರಿಸಿದಳು.

ಅದು ಬಂದ ದಿನವೇ ಹೊಸಹೊಳಲಿನಿಂದ ಪುಟ್ಟಗೌರಮ್ಮ ಗಂಡ ದೇವರಾಜುವನ್ನು ಎಳೆದುಕೊಂಡು ಬಂದರು. ಅವರ ಮಗಳು ದಿವ್ಯಳ ಮದುವೆಯನ್ನು ತೆಗೆದವನು ಅಮೀರನೇ.

"ನೋಡವ್ವ ಆತಿಯಾ, ಮಗ್ಳುನ್ನ ಒಪ್ಪುಸ್ಕೊಡ್ವಾಗ ನಾನು ಅತ್ತಿದ್ನ ಇವ್ರು ಊರ್ಗೆಲ್ಲಾ ಏಳ್ಕೊಂಡು ನಗಾಡ್ತಾವ್ರೆ. ತಾವು ಮಾತ್ರ ಒಂದು ತೊಟ್ಟು ಕಣ್ಣೀರೂ ಆಕ್ನಿಲ್ವಂತೆ. ಪೂರ್ತಿ ವಿಡಿಯೋ ಇದ್ರೆ ತೋರ್ಸು, ಇವತ್ತು ತೀರ್ಮಾನ ಆಗೋಗ್ಲಿ."

ಆತಿಯಾಳಿಗೆ ಇಕ್ಕಟ್ಟಾಯಿತು. ದೇವರಾಜು ಅತ್ತದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಮದುವೆಯಾದ ವಾರದಲ್ಲೇ ಅವರು ಒಬ್ಬರೇ ಬಂದು, "ಅದೊಂದ್ನ ತೆಗ್ದ್‌ಬುಡವ್ವ, ಮರ್ವಾದೆ ಪ್ರಶ್ನೆ" ಎಂದು ಕೇಳಿಕೊಂಡಿದ್ದರು. ಆಗ ಕತ್ತರಿಸಿ ತೆಗೆದ ಆ ತುಣುಕು ಪೆಟ್ಟಿಗೆಯಲ್ಲೇ ಇತ್ತು.

"ಪೆಟ್ಟಿಗೆ ಕೆಟ್ಟಿದೆ ಅಕ್ಕ. ಮೊದ್ಲು ಡಿಸ್ಕು ಬದಲಾಯಿಸ್ಬೇಕು. ಹೆಚ್ಚುಕಮ್ಮಿ ಆದ್ರೆ ಎಲ್ಲಾ ಹೋಗುತ್ತೆ."

"ಎಲ್ಲಾನೂ ಒಂಟೋಯ್ತದಾ? ಅಯ್ಯೋ ಪಾಪ!" ಎಂದರು ದೇವರಾಜು. ದನಿಯಲ್ಲಿದ್ದ ದುಃಖ ಮುಖದಲ್ಲಿರಲಿಲ್ಲ. ತಾವೇ ಮುಂದೆ ಬಂದು ಟಾರ್ಚು ಹಿಡಿದರು.

ಆತಿಯಾ ಪರದೆಯಲ್ಲಿದ್ದ ಕೆಟ್ಟ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ಅಂಕಿಗಳನ್ನು ಅಂಗೈ ಮೇಲೆ ಬರೆದುಕೊಂಡು, ಪೆಟ್ಟಿಗೆಯನ್ನು ಆಫ್ ಮಾಡಿದಳು. ಎಡದಿಂದ ಮೂರನೆಯದನ್ನು ಹೊರಗೆಳೆದಳು. ಆ ಪೆಟ್ಟಿಗೆ ಸೊನ್ನೆಯಿಂದ ಎಣಿಸುತ್ತದೆ, ಅದರ ಮೂರು ನಮ್ಮ ನಾಲ್ಕನೆಯದು ಎಂಬುದು ಗಾಬರಿಯಲ್ಲಿ ಅವಳಿಗೆ ಮರೆತೇಹೋಗಿತ್ತು.

"ಅಣ್ಣ, ಡಿಸ್ಕಿನ ಚೀಟಿ ಮೇಲೆ ಕೊನೇಲಿ ನಾಲ್ಕು ಏಳು ಅಂತ ತಾನೆ ಇರೋದು?" ಎಂದು ಅಂಗೈ ತೋರಿಸಿದಳು.

ದೇವರಾಜು ಚೀಟಿಯ ಮೇಲೆ ಟಾರ್ಚು ಬಿಟ್ಟು ನೋಡಿದರು. ಹೆಂಡತಿಯನ್ನು ನೋಡಿದರು. ಹೂಂ ಎಂದರೆ ಸಾಕಿತ್ತು. ಒಳ್ಳೆಯ ಡಿಸ್ಕು ಹೊರಗೆ, ಕೆಟ್ಟದ್ದು ಒಳಗೆ, ಅವರ ಮರ್ಯಾದೆ ಭದ್ರ.

"ಅವ್ವಾ, ಇದ್ರೊಳ್ಗೆ ನಮ್ಮವ್ವಾನೂ ಅವ್ಳಾ?" ಎಂದು ಆತಿಯಾಳನ್ನು ಕೇಳಿದರು.

"ಇದ್ದಾರಲ್ಲ ಅಣ್ಣ. ಧಾರೆಲಿ ಮುಂದ್ಗಡೆನೇ ಕೂತಿದ್ದಾರೆ."

ಆ ಅವ್ವ ತೀರಿಕೊಂಡು ವರ್ಷವಾಗುತ್ತಿತ್ತು. ದೇವರಾಜು ಟಾರ್ಚನ್ನು ಮತ್ತೆ ಚೀಟಿಯ ಹತ್ತಿರಕ್ಕೆ ತಂದರು. "ಅಂಗಾದ್ರೆ ಇದಲ್ಲ ಕಣವ್ವ. ಇದ್ರಲ್ಲಿ ಎರಡು ಒಂಬತ್ತು ಅಂತದೆ. ವಾಪಸ್ ಆಕ್‌ಬುಡು."

ಆತಿಯಾ ಅದನ್ನು ಒಳಗೆ ತಳ್ಳಿ ಪಕ್ಕದ್ದನ್ನು ಎಳೆದಳು. ನಾಲ್ಕು ಏಳು. ಅದರ ಜಾಗದಲ್ಲಿ ಹೊಸದನ್ನು ಕೂರಿಸಿ ಸ್ವಿಚ್ಚು ಒತ್ತಿದಳು. ಪೂರ್ತಿ ತುಂಬಿಕೊಳ್ಳಲು ನಾಳೆಯಾಗುತ್ತದೆ ಎಂದಿತು ಪರದೆ. ದಂಪತಿ ಊರಿಗೆ ಮರಳಿದರು. ಮೆಹಬೂಬ್ ಬೀ, ಮನೆಯಲ್ಲಿ ಕಾಯಿಲೆಯವರು ಮಲಗಿದ್ದಾರೇನೋ ಎಂಬಂತೆ ಪಿಸುಮಾತಿನಲ್ಲೇ ಓಡಾಡಿದರು. ಕರೆಂಟು ಹೋದೀತೆಂದು ಮಿಕ್ಸಿ ಮುಟ್ಟದೆ, ಒರಳಿನಲ್ಲಿ ಚಟ್ನಿ ರುಬ್ಬಿದರು. ಹೊದಿಸುವ ಬಟ್ಟೆಯನ್ನಂತೂ ತಾವಾಗಿಯೇ ಮಡಚಿ ಬೀರುವಿಗೆ ಸೇರಿಸಿದರು.

ಮರುದಿನ ಪರದೆಯ ಮೇಲೆ ಕೆಂಪಕ್ಷರ ಇರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಪುಟ್ಟಗೌರಮ್ಮ, ದೇವರಾಜು ಮತ್ತೆ ಬಂದರು. ಆತಿಯಾ ದೇವರಾಜುವಿನ ಮುಖ ನೋಡಿದಳು.

"ಆಕವ್ವ, ನೋಡ್ಕಳ್ಳಿ," ಎಂದರು ಅವರು.

ಪರದೆಯಲ್ಲಿ, ಛತ್ರದ ಹಿಂದೆ ಗಡಗಡ ಎನ್ನುವ ಜನರೇಟರಿನ ಮರೆಯಲ್ಲಿ, ಹೆಗಲ ಟವೆಲನ್ನು ಬಾಯಿಗೆ ತುರುಕಿಕೊಂಡು ದೇವರಾಜು ಬಿಕ್ಕುತ್ತಿದ್ದರು. "ನೋಡ್ದಾ! ನೋಡ್ದಾ!" ಎಂದು ಪುಟ್ಟಗೌರಮ್ಮ ಚಪ್ಪಾಳೆ ತಟ್ಟಿ ನಕ್ಕರು. ಅಷ್ಟರಲ್ಲಿ ಪರದೆಯೊಳಗೆ ಮುದುಕಿಯೊಬ್ಬಳು ಬಂದು, ಮಗನ ಮುಖವನ್ನು ಸೆರಗಿನಿಂದ ಒರೆಸುತ್ತ ಏನೋ ಬೈದಳು. ಜನರೇಟರಿನ ಸದ್ದಿಗೆ ಮಾತು ಕೇಳಿಸಲಿಲ್ಲ.

ಪುಟ್ಟಗೌರಮ್ಮನ ನಗು ನಿಂತಿತು. "ಅತ್ತೆಮ್ಮ ಏನಂತಾವ್ರೆ?"

"'ಲೇ, ನಿನ್ ಎಂಡ್ರುನ್ನ ಕರ್ಕೊಂಡು ಬಂದಾಗ ನಿಮ್ಮಾವ ಇಂಗೇ ಅತ್ತಿದ್ದ. ಆವಾಗ ನೀನು ನಗಾಡ್ದೆ ಕಣ್ಲಾ' ಅಂದ್ಲು," ಎಂದರು ದೇವರಾಜು.

"ನಮ್ಮಪ್ಪ ಅತ್ತಿದ್ನಾ? ನಂಗ್ಯಾರೂ ಏಳ್ನೇ ಇಲ್ವಲ್ಲ!"

"ಅತ್ತಿದ್ನಾ ಅಂತ ಕೇಳ್ತೀಯಲ್ಲ! ವ್ಯಾನಿನ ಚಕ್ರ ತಬ್ಕೊಂಡು ಕುಂತ್ಬುಟ್ಟಿದ್ದ. ಎಬ್ಬುಸೋಕೆ ನಾಕ್ ಜನ ಬೇಕಾದ್ರು."

ಪುಟ್ಟಗೌರಮ್ಮ ಕುರ್ಚಿಯನ್ನು ಗಂಡನ ಹತ್ತಿರಕ್ಕೆ ಎಳೆದುಕೊಂಡರು. "ಮೊದ್ಲಿಂದ ಏಳಿ," ಎಂದರು. ಆತಿಯಾ ಚಹಾಕ್ಕೆ ನೀರಿಡಲು ಎದ್ದಳು.