ಮೇಜು ಹತ್ತಿದ ಯೋಗದ ಮೇಷ್ಟ್ರು

"ಗುರುಗೋಳು ನೆಲದ ಮ್ಯಾಲೆ, ನಾನು ಕುರ್ಚಿ ಮ್ಯಾಲಾ? ಶಿವಶಿವಾ! ನಡಿ ಕಣಮ್ಮಿ, ಮನ್ಗೆ ಓಗನ," ಎಂದು ನನ್ನ ಅತ್ತೆ ಸೆರಗು ಸುತ್ತಿಕೊಂಡು ಹೊರಟೇಬಿಟ್ಟರು.

ತೊಂಬತ್ತರ ದಶಕದಲ್ಲಿ ಗುಂಡ್ಲುಪೇಟೆಯ ಶಾಲೆಯೊಂದರಲ್ಲಿ ನಡೆದ ಯೋಗ ಶಿಬಿರವದು. ಮಂಡಿನೋವಿನ ಅತ್ತೆಯನ್ನು ಪುಸಲಾಯಿಸಿ ಬೇಗೂರಿನಿಂದ ಬಸ್ಸಿನಲ್ಲಿ ಕರೆತರುವಷ್ಟರಲ್ಲಿ ನನಗೇ ಶವಾಸನ ಬೇಕೆನಿಸಿತ್ತು. ಅವರಿಗೆ ಕಾಲು ಮಡಿಸಲಾಗದ್ದನ್ನು ಕಂಡ ಯೋಗದ ಮೇಷ್ಟ್ರು, "ಕುರ್ಚಿಯಲ್ಲೇ ಕೂತು ಮಾಡಿ ತಾಯಿ, ಅದೂ ಯೋಗವೇ," ಎಂದದ್ದೇ ತಪ್ಪಾಯಿತು. ಗುರುಗಳಿಗಿಂತ ಎತ್ತರದಲ್ಲಿ ಕೂರುವುದು ಅತ್ತೆಯ ಲೆಕ್ಕದಲ್ಲಿ ಮಂಡಿನೋವಿಗಿಂತ ದೊಡ್ಡ ಕೇಡು.

ಮೇಷ್ಟ್ರು ಒಂದು ಗಳಿಗೆ ತಲೆ ಕೆರೆದುಕೊಂಡರು. ಆಮೇಲೆ ಬಿಳಿ ಪೈಜಾಮ ಮೇಲೆಳೆದುಕೊಂಡು, ಮೂಲೆಯಲ್ಲಿದ್ದ ಮೇಜನ್ನು ಫ್ಯಾನಿನ ಕೆಳಕ್ಕೆ ಎಳೆದು, ಹತ್ತಿ, ಅದರ ಮೇಲೆ ಪದ್ಮಾಸನ ಹಾಕಿ ಕೂತು, "ಈಗ ಸರಿಯಾ ತಾಯಿ?" ಎಂದರು.

ಬಾಗಿಲ ಬಳಿ ಹೋಗಿದ್ದ ಅತ್ತೆ ತಿರುಗಿ ನೋಡಿದರು. ಮೇಜನ್ನೂ ಕುರ್ಚಿಯನ್ನೂ ಕಣ್ಣಲ್ಲೇ ಅಳೆದು, ಬಂದು ಗಂಭೀರವಾಗಿ ಕುರ್ಚಿಯಲ್ಲಿ ಕೂತರು.

ಶಿಬಿರ ಮುಗಿಯುವವರೆಗೂ ಮೇಷ್ಟ್ರ ಪಾಠ ಮೇಜಿನ ಮೇಲಿಂದಲೇ. ಎತ್ತಿದ ಕೈ ಫ್ಯಾನಿಗೆ ತಗಲೀತೆಂದು ಫ್ಯಾನು ನಿಲ್ಲಿಸಿದ್ದರಿಂದ ನಾವೆಲ್ಲ ಬೆವೆತು ತೊಪ್ಪೆಯಾದೆವು. ಮೇಜು ಕಿರ್‍ರೆಂದಾಗಲೆಲ್ಲ ಅತ್ತೆ ಮಾತ್ರ ಮುಚ್ಚಿದ ಕಣ್ಣು ತೆರೆಯದೆ, "ಉಸಾರು ಬುದ್ದಿ," ಎನ್ನುತ್ತಿದ್ದರು.

ಇವತ್ತು ಮಂಡಿನೋವು ನನ್ನ ಪಾಲಿಗೆ ಬಂದಿದೆ. ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಕೈ ಎತ್ತುವ ಮೊದಲು ಒಮ್ಮೆ ಮೇಲೆ ನೋಡುತ್ತೇನೆ, ಮೇಷ್ಟ್ರು ಇನ್ನೂ ಫ್ಯಾನಿನ ಕೆಳಗೆ ಕೂತಿದ್ದಾರೇನೋ ಎಂದು.