ಹೆಲಿಕಾಪ್ಟರ್ ಇಳಿದ ವರ್ಷದ ಒಣಮೀನು

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಆಗ ಚಿತ್ತಾಕುಲದ ನಮ್ಮ ಕೇರಿಯವರೆಲ್ಲ ಕಡಲ ದಂಡೆಯ ಮೇಲೇ ಮೀನು ಒಣಗಿಸುತ್ತಿದ್ದೆವು. ಇದು ನನ್ನ ಬಾಲ್ಯದ ಕತೆಯಲ್ಲ, ಮೊಮ್ಮಗಳು ಸುಜಾತಾಳದು. ಆಗ ಅವಳು ನಾಲ್ಕನೇ ತರಗತಿ. ಅವಳಿಗೆ ಎಷ್ಟು ನೆನಪಿದೆಯೋ ಗೊತ್ತಿಲ್ಲ, ನಾನು ಬರೆದಿಡುತ್ತೇನೆ.

ಮೇ ಕೊನೆ. ಮಳೆ ಹಿಡಿದರೆ ದೋಣಿ ಇಳಿಯುವುದಿಲ್ಲ, ಒಣಗಿಸಿಟ್ಟದ್ದೇ ಊಟ. ಚಾಪೆ ಹಾಸಿ ಸಣ್ಣ ಸಿಗಡಿ, ಅದಕ್ಕಿಂತ ದಪ್ಪನೆಯ ತಾರ್ಲೆ ಮೀನು ಹರವಿದ್ದೆ. ಕಾಗೆ ಮುಟ್ಟದಂತೆ ಹಳೇ ಬಲೆ ಹೊದಿಸಿದ್ದೆ.

ಯಾರೋ ದೊಡ್ಡವರು ಬರುತ್ತಾರೆ, ಪಕ್ಕದ ಬಯಲಲ್ಲಿ ಹೆಲಿಕಾಪ್ಟರ್ ಇಳಿಯುತ್ತದೆ, ಮೀನು ತೆಗೆಯಿರಿ ಎಂದು ಪೊಲೀಸಿನವ ಹೇಳಿ ಹೋದ. ಉಳಿದವರು ತೆಗೆದರು. ನಾನು ತೆಗೆಯಲಿಲ್ಲ.

"ತೆಗಿ ಆಜಿ, ಎಲ್ಲಾ ಹಾರಿ ಹೋಗ್ತದೆ" ಎಂದಳು ಸುಜಾತಾ.

"ದಿನಾ ಮೇಲಿಂದ ವಿಮಾನ ಹೋಗ್ತದೆ. ಒಂದು ಸಿಗಡಿ ಅಲ್ಲಾಡಿದ್ದು ಕಂಡಿದ್ಯಾ?"

"ಅದು ಬೇರೆ. ವಿಮಾನ ಓಡಬೇಕು. ಓಡಿದ್ರೇ ಅದ್ರ ರೆಕ್ಕೆಗೆ ಗಾಳಿ ಸಿಗೂದು. ಹೆಲಿಕಾಪ್ಟರ್ ಓಡೂದು ಬೇಡ, ರೆಕ್ಕೆನೇ ತಿರುಗ್ತದೆ. ಗಾಳಿನ ಕೆಳಗೆ ನೂಕ್ತದೆ, ತಾನು ಮೇಲೆ ನಿಲ್ತದೆ. ಅಕ್ಕೋರು ಶಾಲೇಲಿ ಹೇಳಿದ್ರು."

"ನಿಮ್ಮ ಅಕ್ಕೋರು ಎಷ್ಟು ಸಿಗಡಿ ಒಣಗಿಸಿದಾರೆ?"

ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು. "ನೀನು ಫ್ಯಾನಿನ ಕೆಳಗೆ ಹಪ್ಪಳ ಒಣಗಿಸ್ತ್ಯಾ?"

ಬಲೆಯ ಅಂಚಿಗೆ ನಾಲ್ಕು ಕಲ್ಲು ಇಟ್ಟೆ. ಸಾಕು ಎಂದೆ.

ಹೆಲಿಕಾಪ್ಟರ್ ಬಂತು. ತೆಂಗಿನಮರದ ಎತ್ತರಕ್ಕೆ ಇಳಿದು ಅಲ್ಲೇ ನಿಂತಿತು. ಓಡದೆ ನಿಂತದ್ದನ್ನು ಕಂಡಾಗಲೇ ಹುಡುಗಿಯ ಮಾತು ಸರಿ ಎಂದು ತಿಳಿಯಿತು. ಅಷ್ಟರಲ್ಲಿ ತಡವಾಗಿತ್ತು. ಸಿಗಡಿ ಬಲೆಯ ಕಣ್ಣುಗಳಿಂದ ಎದ್ದು ನೀರಿನ ಕಡೆ ಹೋಯಿತು. ತಾರ್ಲೆ ಉಳಿಯಿತು, ಮೈತುಂಬ ಮರಳು ಮೆತ್ತಿಕೊಂಡು. ನನ್ನ ಬಾಯಲ್ಲೂ ಮರಳು.

ಆ ಮಳೆಗಾಲವೆಲ್ಲ ಅದನ್ನೇ ತಿಂದೆವು. ಎಷ್ಟು ತೊಳೆದರೂ ಹಲ್ಲಿಗೆ ಕರಕರ. ಸುಜಾತಾ ಒಂದೊಂದು ತುತ್ತಿಗೂ ನನ್ನ ಮುಖ ನೋಡುತ್ತಿದ್ದಳು.

"ಆಜಿ, ಇನ್ನೊಂದು ಹೆಲಿಕಾಪ್ಟರ್ ತಾರ್ಲೆ ಹಾಕು."

"ಸುಮ್ನೆ ತಿನ್ನು" ಎನ್ನುತ್ತಿದ್ದೆ. ನೀನು ಹೇಳಿದ್ದು ಸರಿ ಎಂದು ಒಂದು ದಿನವೂ ಹೇಳಲಿಲ್ಲ.

ಈಗ ನಾನು ಮೀನು ಒಣಗಿಸುವುದಿಲ್ಲ. ಅಂಗಡಿಯಿಂದ ಪೊಟ್ಟಣ ತರುತ್ತಾರೆ, ಅದರಲ್ಲಿ ಮರಳಿಲ್ಲ. ಸುಜಾತಾ ಮದುವೆಯಾಗಿ ಅಂಕೋಲೆಯ ಬೊಬ್ರುವಾಡದಲ್ಲಿದ್ದಾಳೆ. ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ನಾನು ಏನು ಹೇಳಿದರೂ ಒಪ್ಪುತ್ತಾಳೆ, ಮುದುಕಿಗೆ ಯಾಕೆ ಎದುರಾಡುವುದು ಎಂದು. ಮೊನ್ನೆ ಬೇಕೆಂದೇ ಹೇಳಿ ನೋಡಿದೆ, ಹೆಲಿಕಾಪ್ಟರೂ ವಿಮಾನದ ಹಾಗೆ ಓಡಿದ ಮೇಲೇ ಏಳುವುದು ಎಂದು.

"ಹೌದು ಆಜಿ" ಅಂದಳು.